ಮೂರು ಮಳೆಗಾಲ ದಾಟಿದ ಮೇಲೆ ಬರೆದ ವಿಪಶ್ಯನ ಶಿಬಿರದ ವಿಮರ್ಶೆ

ವಿಪಶ್ಯನ ಧ್ಯಾನದ ಶಿಬಿರ ಮುಗಿಸಿ ಬಂದ ವಾರವೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಹತ್ತು ದಿನ ಬಾಯಿ ಮುಚ್ಚಿ ಕೂತು ಹೊರಗೆ ಬಂದವನಿಗೆ ಬಸ್ ಸ್ಟ್ಯಾಂಡಿನ ಟೀ ಕೂಡ ಅಮೃತ. ಅದಕ್ಕೇ ಕಾದೆ. ನಾನು ಹೋಗಿದ್ದು 2023ರ ಫೆಬ್ರವರಿಯಲ್ಲಿ. ಆಮೇಲೆ ಮೂರು ಮಳೆಗಾಲ ದಾಟಿದೆ. ನನ್ನ ಕೆಲಸದಲ್ಲಿ ವರ್ಷ ಲೆಕ್ಕಕ್ಕಿಲ್ಲ, ಮಳೆಗಾಲವೇ ಲೆಕ್ಕ.

ನಾನು ತೀರ್ಥಹಳ್ಳಿ ಸೀಮೆಯಲ್ಲಿ ಕರೆಂಟ್ ಆಫೀಸಿನ ಸೆಕ್ಷನ್ ಆಫೀಸರ್. ಕೈಕೆಳಗೆ ಹದಿನಾಲ್ಕು ಜನ ಲೈನ್‌ಮನ್‌ಗಳು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ನಮಗೆ ಆ ಮಳೆ ಮಿಲಿಮೀಟರಿನಲ್ಲಿ ಕಾಣುವುದಿಲ್ಲ, ಲೈನಿನ ಮೇಲೆ ಬಿದ್ದ ಮರಗಳಲ್ಲಿ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ನಾಡಿಗೆಲ್ಲ ಶರಾವತಿಯ ಕರೆಂಟ್ ಹರಿಯುತ್ತಿದೆ. ಅದೇ ಜಿಲ್ಲೆಯಲ್ಲಿ ಪುನರ್ವಸು ಮಳೆ ಜೋರು ಹಿಡಿದರೆ ಮೂರು ದಿನ ಮೇಣದಬತ್ತಿ. ಜನ ಬೈಯುತ್ತಾರೆ. ಬೈಯಲಿ, ನಾನಾಗಿದ್ದರೂ ಬೈಯುತ್ತಿದ್ದೆ.

ಧ್ಯಾನದ ದಾರಿ ಹಿಡಿದಿದ್ದು ಭಕ್ತಿಯಿಂದ ಅಲ್ಲ. 2021ರ ಜುಲೈನಲ್ಲಿ ಒಂದು ತೋಟದ ಕಡೆ ಮನೆಗಳಿಗೆ ಹೋಗುವ ಎಲ್‌ಟಿ ಲೈನ್ ತುಂಡಾಗಿತ್ತು. ಟ್ರಾನ್ಸ್‌ಫಾರ್ಮರ್ ಹತ್ತಿರ ಫ್ಯೂಸ್ ತೆಗೆಸಿದ್ದೆ. ಲೈನ್ ಸತ್ತಿದೆ ಅಂತ ನಾನೇ ಹೇಳಿದೆ. ತಂತಿಗಳನ್ನು ಒಂದಕ್ಕೊಂದು ಸೇರಿಸಿ ಶಾರ್ಟ್ ಮಾಡಿ, ನೆಲಕ್ಕೆ ಜೋಡಿಸಿ ಅರ್ತ್ ಕೊಟ್ಟ ಮೇಲೇ ಕೈ ಹಾಕಬೇಕು, ಅದು ನಿಯಮ. ಅರ್ತ್ ಮಾಡುವ ಸರಪಳಿ ಜೀಪಿನಲ್ಲಿತ್ತು. ಜೀಪು ಕೆಳಗೆ ರಸ್ತೆಯಲ್ಲಿ, ನಾವು ಕಾಲಿನ ಉಂಬಳ ಕಿತ್ತುಕೊಳ್ಳುತ್ತಾ ಗುಡ್ಡದ ಮೇಲೆ. ಬೆಳಗ್ಗೆಯಿಂದ ಫೋನಿನ ಮೇಲೆ ಫೋನು. "ಬೇಗ ಹತ್ತು ಮಾರಾಯ" ಅಂದೆ. ಲೈನ್‌ಮನ್ ಹುಡುಗ ಕಂಬ ಹತ್ತಿದ. ಅಷ್ಟರಲ್ಲಿ ಯಾವುದೋ ಮನೆಯವರು ಜನರೇಟರ್ ಹಚ್ಚಿದರು. ಜನರೇಟರಿನ ಕರೆಂಟ್ ಹೊರಗಿನ ಲೈನಿಗೆ ಹೋಗದಂತೆ ತಡೆಯುವ ಚೇಂಜ್ ಓವರ್ ಸ್ವಿಚ್ ಅವರ ಮನೆಯಲ್ಲಿ ಇರಲಿಲ್ಲ. ಮನೆಯ ಕರೆಂಟ್ ಹಿಂದಕ್ಕೆ ಲೈನಿಗೆ ಹರಿಯಿತು. ಹುಡುಗ ಬೆಲ್ಟಿನಲ್ಲಿ ನೇತಾಡಿದ. ಬದುಕಿದ. ಬಲಗೈ ಅಂಗೈ ಸುಟ್ಟಿತು, ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಅದಾದ ಮೇಲೆ ಫೋನ್ ರಿಂಗಾದರೆ ನನಗೆ ಹೊಟ್ಟೆ ಕಲಸುತ್ತಿತ್ತು. ರಿಂಗ್‌ಟೋನ್ ಬದಲಿಸಿದೆ. ಒಂದೇ ವಾರದಲ್ಲಿ ಹೊಟ್ಟೆ ಹೊಸ ರಿಂಗ್‌ಟೋನನ್ನೂ ಕಲಿತುಕೊಂಡಿತು. ಹೆದರಿದ ಸಾಹೇಬ ಎಂತ ಮಾಡುತ್ತಾನೆ? ಕಿರುಚುತ್ತಾನೆ. ಮಳೆನೀರಿನ ಹಾಗೆ ಭಯವೂ ಇಳಿಜಾರು ಹುಡುಕುತ್ತದೆ. ನನ್ನದು ಸೀದಾ ಹದಿನಾಲ್ಕು ಜನರ ತಲೆ ಮೇಲೆ ಇಳಿಯಿತು. ಒಬ್ಬನಿಗೆ ಒಂದೇ ಗಂಟೆಯಲ್ಲಿ ಒಂಬತ್ತು ಸಲ ಫೋನ್ ಮಾಡಿದ್ದೆ, "ಆಯ್ತಾ, ಆಯ್ತಾ" ಅಂತ. ಅವನು ಕಂಬದ ಮೇಲಿದ್ದ.

ಮೊದಲು ಬಳಸಿದ್ದು ಒಂದು ಮೊಬೈಲ್ ಆ್ಯಪ್. ಹೆಸರು ಬೇಡ. ಮಗಳು ಹಾಕಿಕೊಟ್ಟಳು. ಮನಸ್ಸು ಹಗುರಾಗಲಿ ಅಂತ ಅದರಲ್ಲಿ ಮಳೆ ಸುರಿಯುವ ಸದ್ದು ಹಾಕಿದ್ದರು! ಕಣ್ಣು ಮುಚ್ಚಿ ಆ ಸದ್ದು ಕೇಳಿದರೆ ನನಗೆ ಯಾವ ಫೀಡರ್ ಲೈನ್ ಹೋಯಿತೋ ಅನ್ನುವ ಯೋಚನೆ. ಸಮುದ್ರದ ಸದ್ದಿಗೆ ಬದಲಿಸಿ ನಾಲ್ಕು ತಿಂಗಳು ನೋಡಿದೆ. ನಿದ್ದೆ ಸ್ವಲ್ಪ ಸುಧಾರಿಸಿತು, ಅದನ್ನು ಇಲ್ಲ ಅನ್ನುವುದಿಲ್ಲ. ಹಗಲಿನ ಕಿರುಚಾಟ ಹಾಗೇ ಇತ್ತು. ಬಿಟ್ಟು ಎಷ್ಟೋ ತಿಂಗಳಾದ ಮೇಲೆ ಎರಡನೇ ವರ್ಷದ ಚಂದಾ 1,499 ರೂಪಾಯಿ ತಾನಾಗಿಯೇ ಖಾತೆಯಿಂದ ಹೋಯಿತು. ಆ್ಯಪ್ ಹಾಕಿಕೊಳ್ಳುವವರು ಮೊದಲು ಆಟೋ ಪೇ ಆಫ್ ಮಾಡಿ, ಆಮೇಲೆ ಕಣ್ಣು ಮುಚ್ಚಿ.

ಇನ್ನು ಶಿಬಿರದ ವಿಷಯ. ಇದು ಎಸ್. ಎನ್. ಗೋಯೆಂಕಾ ಅವರ ಪದ್ಧತಿಯ ಹತ್ತು ದಿನದ ಶಿಬಿರ. ಅವರು ಬರ್ಮಾದಲ್ಲಿ ಹುಟ್ಟಿ ಬೆಳೆದ ವ್ಯಾಪಾರಿ. ಅಲ್ಲಿ ಸಯಾಜಿ ಊ ಬಾ ಖಿನ್ ಅವರ ಹತ್ತಿರ ಕಲಿತು, 1969ರಲ್ಲಿ ಭಾರತಕ್ಕೆ ಬಂದು ಕಲಿಸತೊಡಗಿದರು. 2013ರಲ್ಲಿ ತೀರಿಕೊಂಡರು, ಆದರೆ ಇವತ್ತಿಗೂ ಪಾಠ ಅವರದೇ ದನಿಯ ರೆಕಾರ್ಡಿಂಗಿನಲ್ಲಿ ನಡೆಯುತ್ತದೆ. ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು, ಕಚೇರಿಯಲ್ಲೇ ಸಿಬ್ಬಂದಿಗೆ ಧ್ಯಾನ ಕಲಿಸುತ್ತಿದ್ದರು. ನನಗೆ ಧೈರ್ಯ ಬಂದಿದ್ದು ಇದನ್ನು ಕೇಳಿ. ಕಾವಿ ಉಟ್ಟವರಲ್ಲ, ಫೈಲು ನೋಡುತ್ತಿದ್ದವರು.

ಶುಲ್ಕ ಇಲ್ಲ. ಊಟ, ವಸತಿ ಎಲ್ಲ ಹಿಂದೆ ಶಿಬಿರ ಮುಗಿಸಿದವರ ದೇಣಿಗೆಯಿಂದ. ನೀವು ಕೊಡುವುದಿದ್ದರೂ ಒಂದು ಶಿಬಿರ ಪೂರ್ತಿ ಮಾಡಿದ ಮೇಲೇ ತೆಗೆದುಕೊಳ್ಳುತ್ತಾರೆ. ಫೋನ್ ಮೊದಲ ದಿನವೇ ಒಪ್ಪಿಸಬೇಕು. ನನಗೆ ಅದೇ ಅರ್ಧ ಔಷಧಿ. ಬೆಳಗ್ಗೆ 4ಕ್ಕೆ ಗಂಟೆ, 4.30ಕ್ಕೆ ಕೂರುವುದು, 11ಕ್ಕೆ ಊಟ, ರಾತ್ರಿ 9.30ಕ್ಕೆ ದೀಪ ಆರಿಸುವುದು. ರಾತ್ರಿ ಊಟ ಇಲ್ಲ, ಸಂಜೆ 5ಕ್ಕೆ ಟೀ ಮತ್ತು ಒಂದಿಷ್ಟು ತಿನ್ನಲು, ಅಷ್ಟೇ. ಎರಡನೇ ರಾತ್ರಿ ಅಮ್ಮನ ಕೊಟ್ಟೆ ಕಡುಬು ಕನಸಿನಲ್ಲಿ ಬಂತು, ಜೊತೆಗೆ ಕಾಯಿ ಚಟ್ನಿ ಕೂಡ.

ಮೊದಲ ಮೂರು ದಿನ ಉಸಿರು ಮಾತ್ರ. ಮೂಗಿನ ಹೊಳ್ಳೆಯ ಹತ್ತಿರ ಒಳಗೆ ಹೋಗುವುದು, ಹೊರಗೆ ಬರುವುದು. ಎಣಿಸಬಾರದು, ಜಪ ಮಾಡಬಾರದು, ಸುಮ್ನೆ ಗಮನಿಸಬೇಕು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯನ್ನು ಗಮನಿಸುವುದು. ನೋವು, ನವೆ, ಬಿಸಿ, ಜುಮ್ಮೆನ್ನುವುದು, ಏನು ಬಂದರೂ ಬೇಕು ಅನ್ನಬಾರದು, ಬೇಡ ಅನ್ನಬಾರದು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ, ಕಾಲು ಅಲ್ಲಾಡಿಸದೆ, ಕಣ್ಣು ತೆರೆಯದೆ ಕೂರಬೇಕು. ಐವತ್ತು ದಾಟಿದ ಮಂಡಿಗೆ ಇದು ಶಿಕ್ಷೆಯೇ. ಕೇಳಿದರೆ ಕುರ್ಚಿ ಕೊಡುತ್ತಾರೆ. ನಾನು ಬಿಂಕದಿಂದ ಮೂರು ದಿನ ಕೇಳಲಿಲ್ಲ. ಪೆದ್ದುತನ.

ಆರನೇ ದಿನ ಸಂಜೆ ಒಂದು ಸಂಗತಿ ನಡೆಯಿತು. ಹಾಲಿನಲ್ಲಿ ಎಲ್ಲರೂ ಕೂತಿದ್ದೇವೆ. ಪಟ್ಟನೆ ಫ್ಯಾನಿನ ಸದ್ದು ನಿಂತಿತು. ಕರೆಂಟ್ ಹೋಯಿತು. ಯಾರೋ ಎಲ್‌ಸಿ (ಕೆಲಸಕ್ಕೆ ಲೈನ್ ಬಂದ್ ಮಾಡಿಸುವ ಅನುಮತಿ) ತೆಗೆದುಕೊಂಡಿರಬೇಕು ಅಂತ ಮೊದಲ ಯೋಚನೆ, ರಕ್ತದಲ್ಲೇ ಬಂದಿದೆ ಅದು. ಸ್ವಲ್ಪ ಹೊತ್ತಿಗೆ ಕಟ್ಟಡದ ಹಿಂದೆ ಜನರೇಟರ್ ಸ್ಟಾರ್ಟ್ ಆಯಿತು. ಡುಗು ಡುಗು ಡುಗು. ಅಷ್ಟೇ ಸಾಕಾಯಿತು. ಎಡಗಡೆ ಪಕ್ಕೆಲುಬಿನ ಕೆಳಗೆ ಯಾರೋ ತಣ್ಣನೆಯ ಅಂಗೈ ಇಟ್ಟ ಹಾಗೆ. ನಾಲಿಗೆ ಒಣಗಿತು. ಬೆಲ್ಟಿನಲ್ಲಿ ನೇತಾಡುವ ಹುಡುಗ ಕಣ್ಣ ಮುಂದೆ. ಎದ್ದು ಓಡಬೇಕು ಅನ್ನಿಸಿತು, ಆದರೆ ಅಲ್ಲಾಡುವಂತಿಲ್ಲ. ಬೇರೆ ದಾರಿ ಇಲ್ಲದೆ ಆ ತಣ್ಣನೆಯ ಜಾಗವನ್ನೇ ನೋಡುತ್ತಾ ಕೂತೆ. ಅದು ಒಂದೇ ಸಮ ಇರಲಿಲ್ಲ. ಅಂಗೈ ಅಗಲ ಇದ್ದದ್ದು ಅಗಲವಾಯಿತು, ತೆಳ್ಳಗಾಯಿತು, ಗಂಟಲಿಗೆ ಏರಿತು, ಮತ್ತೆ ಇಳಿಯಿತು. ಜನರೇಟರ್ ಓಡುತ್ತಲೇ ಇತ್ತು. ಗಂಟೆ ಮುಗಿಯುವ ಹೊತ್ತಿಗೆ ಸದ್ದು ಸದ್ದಾಗಿತ್ತು, ಹುಡುಗ ಹುಡುಗನಾಗಿದ್ದ, ನಾನು ಬೆವರಿದ್ದೆ. ಒಂದೂವರೆ ವರ್ಷ ನಾನು ಭಯ ಅಂದುಕೊಂಡು ಓಡಿದ್ದು ಪಕ್ಕೆಲುಬಿನ ಕೆಳಗಿನ ಅಷ್ಟು ಜಾಗದಿಂದ.

ಹೀಗಂತ ಭಯ ಹೋಯಿತು ಅಂದುಕೊಳ್ಳಬೇಡಿ. ಈಗಲೂ ಬರುತ್ತದೆ, ಅದೇ ಜಾಗಕ್ಕೆ. ಬಂದಿದೆ ಅಂತ ಒಂದೆರಡು ಕ್ಷಣ ಮೊದಲೇ ಗೊತ್ತಾಗುತ್ತದೆ. ನಾನು ಕೊಂಡುಕೊಂಡ ಮಾಲು ಅಷ್ಟೇ, ಆ ಒಂದೆರಡು ಕ್ಷಣ. ಮತ್ತೆ ಕರೆಂಟಿಗೆ ಹೆದರದವನು ಕಂಬ ಹತ್ತಲೂಬಾರದು, ಹತ್ತಿಸಲೂಬಾರದು.

ಆ ಕ್ಷಣಗಳು ಎಲ್ಲಿ ಉಪಯೋಗಕ್ಕೆ ಬಂತು ಅಂತ ಹೇಳಿದರೆ ಅರ್ಥವಾದೀತು. 2024ರ ಜುಲೈ, ರಾತ್ರಿ ಹನ್ನೊಂದರ ಸುಮಾರು. 11 ಕೆವಿ ಲೈನಿನ ಮೇಲೆ ಹಲಸಿನ ಮರ. ಸಬ್ ಸ್ಟೇಷನ್‌ನಿಂದ ಎಲ್‌ಸಿ ಸಿಕ್ಕಿದೆ, ಇಬ್ಬರು ಕಂಬಕ್ಕೆ ಹತ್ತಲು ತಯಾರು. ಆಗ ಒಬ್ಬರ ಫೋನು. "ಸಾರ್, ಅಮ್ಮನಿಗೆ ಆಕ್ಸಿಜನ್ ಮಿಷನ್ ಹಾಕಿದೀವಿ, ಯುಪಿಎಸ್ ಇನ್ನು ಅರ್ಧ ಗಂಟೆ ಬರಬಹುದು ಅಷ್ಟೇ." ಅವರ ದನಿ ನಡುಗುತ್ತಿತ್ತು. ನನ್ನ ಪಕ್ಕೆಲುಬಿನ ಕೆಳಗೆ ಅಂಗೈ ಬಂತು. ಹಳೆಯ ನಾನಾಗಿದ್ದರೆ ತಕ್ಷಣ ಕಂಬದ ಕಡೆ ತಿರುಗಿ ಕಿರುಚುತ್ತಿದ್ದೆ. ಅವತ್ತು ಮೂರು ಉಸಿರು ನಿಂತೆ. ಮರ ಕಡಿದು ತಂತಿ ಎಳೆಯಲು ಕಡಿಮೆ ಅಂದರೂ ಎರಡು ಗಂಟೆ ಬೇಕು. ಅವಸರ ಮಾಡಿದರೂ ಅರ್ಧ ಗಂಟೆಗೆ ಆಗುವ ಕೆಲಸವೇ ಅಲ್ಲ. ಇಷ್ಟು ಸುಲಭದ ಲೆಕ್ಕ ಹೆದರಿದ ತಲೆಗೆ ಹೊಳೆಯುವುದಿಲ್ಲ. 108ಕ್ಕೆ ಫೋನ್ ಮಾಡಿ ಅಂತ ಅವರಿಗೆ ಹೇಳಿದೆ. ಪೇಟೆಯ ಶಾಮಿಯಾನದವರ ಹತ್ತಿರ ಸಣ್ಣ ಜನರೇಟರ್ ಇರುವುದು ನೆನಪಾಯಿತು. ಹಿರಿಯ ಲೈನ್‌ಮನ್ ಒಬ್ಬರನ್ನು ಕಳಿಸಿದೆ. "ಮೊದಲು ಮೇನ್ ಇಳಿಸಿ, ಆಮೇಲೆ ಹಚ್ಚಿಸಿ" ಅಂತ ಎರಡು ಸಲ ಹೇಳಿದೆ. "ಗೊತ್ತು ಸಾರ್" ಅಂದರು. ಗೊತ್ತಿತ್ತು ಅವರಿಗೆ, ಯಾಕೆ ಹೇಳುತ್ತಿದ್ದೇನೆ ಅನ್ನುವುದೂ. ಇತ್ತ ಹುಡುಗರಿಗೆ ಎರಡೂ ಕಡೆ ಅರ್ತ್ ರಾಡ್ ಹಾಕಿ ತೋರಿಸಿ ಅಂದೆ. ಲೈನಿಗೆ ಮತ್ತೆ ಕರೆಂಟ್ ಬಿಡುವಾಗ ರಾತ್ರಿ ಎರಡು ಗಂಟೆ ದಾಟಿತ್ತು. ಅಜ್ಜಿ ಬೆಳಗ್ಗೆ ಗಂಜಿ ಕುಡಿದರಂತೆ.

ನಾಯಕತ್ವ ಅನ್ನುವ ಪದ ನಮ್ಮ ಸೆಕ್ಷನ್ನಿಗೆ ದೊಡ್ಡದಾಯಿತು. ಆದರೂ ನನಗೆ ಕಂಡ ಬದಲಾವಣೆ ನನ್ನಲ್ಲಿ ಅಲ್ಲ, ಹುಡುಗರಲ್ಲಿ. ಕಳೆದ ವರ್ಷ ಆಶ್ಲೇಷಾ ಮಳೆಯಲ್ಲಿ ಒಬ್ಬ ಕಂಬದ ಬುಡದಲ್ಲಿ ನಿಂತು, "ಸಾರ್, ಈಗ ಆಗಲ್ಲ. ಗಾಳಿ ಜಾಸ್ತಿ ಇದೆ" ಅಂದ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಮೊದಲು ಅವರು ನನಗೆ ಹೆದರಿ, ಹತ್ತಬಾರದ ಹೊತ್ತಿನಲ್ಲೂ ಹತ್ತುತ್ತಿದ್ದರು. ಅದನ್ನು ನಾನು ಶಿಸ್ತು ಅಂದುಕೊಂಡಿದ್ದೆ. ಆ ಮಾತು ಬರುವುದಕ್ಕೆ ಮುಂಚೆ ಒಂದು ಬೆಳಗ್ಗೆ ಎಲ್ಲರ ಮುಂದೆ, 2021ರಲ್ಲಿ ಆಗಿದ್ದು ನನ್ನ ಅವಸರದಿಂದ ಅಂತ ಹೇಳಿದ್ದೆ. ಬೆರಳು ಮಡಚದ ಹುಡುಗನೂ ಅಲ್ಲೇ ಇದ್ದ. ಅವನು ಏನೂ ಅನ್ನಲಿಲ್ಲ. ಆಮೇಲೆ ನನಗೂ ಸೇರಿಸಿ ಟೀ ತಂದ.

ಈಗ ದೂರುಗಳು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮನೆಯಲ್ಲಿ ಕೂರಿ ಅನ್ನುತ್ತಾರೆ. ಸಂಸಾರಸ್ಥರಿಗೆ, ಅದರಲ್ಲೂ ಮಳೆಗಾಲದ ನೌಕರಿಯವರಿಗೆ ಇದು ಆಗದ ಮಾತು. ನಾನು ಬೆಳಗ್ಗೆ 5.15ಕ್ಕೆ ಕಂಬಳಿ ಮಡಚಿ ಹಾಕಿಕೊಂಡು ಇಪ್ಪತ್ತೈದು ನಿಮಿಷ ಕೂರುತ್ತೇನೆ. ಕಳೆದ ಜುಲೈನಲ್ಲಿ ಹದಿನೇಳು ದಿನ ಅದೂ ಇಲ್ಲ. ಸಂಜೆಯ ಪ್ರವಚನ ಒಳ್ಳೆಯದೇ, ಸ್ವಲ್ಪ ಎಳೆತ. ಇನ್ನೊಂದು ಅಡ್ಡ ಪರಿಣಾಮ ಯಾರೂ ಹೇಳುವುದಿಲ್ಲ. ಬಂದ ಹೊಸತರಲ್ಲಿ ನಾನು ಮನೆಯಲ್ಲೂ ಎಲ್ಲವನ್ನೂ ಗಮನಿಸುತ್ತಾ ಗಂಭೀರವಾಗಿ ಕೂತಿರುತ್ತಿದ್ದೆ. ಮನೆಯವಳು, "ಗಮನಿಸಿದ್ದು ಸಾಕು, ಗ್ಯಾಸ್ ಬುಕ್ ಮಾಡಿದ್ರಾ ಹೇಳಿ" ಅಂದಳು. ಸಮಚಿತ್ತ ಅಂತ ನಾನು ಅಂದುಕೊಂಡಿದ್ದು ಅವಳಿಗೆ ಕಲ್ಲಿನ ಹಾಗೆ ಕಂಡಿತ್ತು.

ಸಂಶೋಧನೆ ಏನು ಹೇಳುತ್ತದೆ ಅಂತ ಮಗಳು ಹುಡುಕಿ ಕೊಟ್ಟಳು. 2014ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದೆ. ಧ್ಯಾನದಿಂದ ಆತಂಕ ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ, ಆದರೆ ಔಷಧಿ ಅಥವಾ ವ್ಯಾಯಾಮಕ್ಕಿಂತ ಮೇಲು ಅನ್ನಲು ಪುರಾವೆ ಸಿಗಲಿಲ್ಲ ಅಂತ ಅದರ ತೀರ್ಮಾನ. ನನ್ನ ಅನುಭವಕ್ಕೂ ಅಷ್ಟೇ ತೂಕ ಕೊಡಿ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಹೋಗಬೇಡಿ. ಅರ್ಜಿಯಲ್ಲೇ ಈ ಬಗ್ಗೆ ಕೇಳುತ್ತಾರೆ, ಮುಚ್ಚಿಡಬೇಡಿ. ಹತ್ತು ದಿನ ಮಾತಿಲ್ಲದೆ ಕೂರುವುದು ಕೆಲವರಿಗೆ ಒಳಗಿನ ಗಾಯ ಕೆದಕಬಹುದು. ನಿದ್ದೆಯೇ ಬಾರದಷ್ಟು ಹೆದರಿಕೆ ಇದ್ದರೆ ಸರ್ಕಾರದ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಾನೂ 2021ರಲ್ಲಿ ಯಾರಾದರೂ ಡಾಕ್ಟರ ಹತ್ತಿರ ಹೋಗಬೇಕಿತ್ತು. ಸೆಕ್ಷನ್ ಆಫೀಸರ್ ಅಂತ ಬಿಗುಮಾನ.

ಹೋಗುವವರಿಗೆ ಒಂದು ಕಿವಿಮಾತು. ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಜಿ ಹಾಕಲೇಬೇಡಿ, ಮನಸ್ಸೆಲ್ಲ ಊರಲ್ಲೇ ಇರುತ್ತದೆ. ಅಡಿಕೆ ಕೊಯ್ಲು ಮುಗಿಸಿ ಹೋಗಿ. ಮತ್ತೆ ಕುರ್ಚಿ ಕೇಳಿ.

ನಾನು ಕೊಡುವುದು ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಮಂಡಿಗೆ. ಮುಂದಿನ ಫೆಬ್ರವರಿಗೆ ಮನೆಯವಳು ಅರ್ಜಿ ಹಾಕಿದ್ದಾಳೆ. "ಹತ್ತು ದಿನ ಮಾತಾಡದೆ ಇರ್ತೀಯಾ?" ಅಂತ ಕೇಳಿದೆ. "ಇಷ್ಟು ವರ್ಷ ಮಳೆಗಾಲದಲ್ಲಿ ನಿಮ್ಮ ಜೊತೆ ಮಾತಾಡಿದ್ದು ಯಾವಾಗ?" ಅಂದಳು. ಹತ್ತು ದಿನ ಅಡುಗೆ ನಂದು. ಅನ್ನ, ಸಾರು ಬರುತ್ತೆ. ಕಡುಬಿಗೆ ಅಮ್ಮನನ್ನು ಕೇಳಬೇಕು.