ಜಿಪ್ಸಿ ಬೆನ್ನಿಗೆ 20 ಲೀಟರ್ ಕ್ಯಾನು

ನನ್ನದು 2009ರ ಮಾರುತಿ ಜಿಪ್ಸಿ. ಟ್ಯಾಂಕು 40 ಲೀಟರಿನದ್ದು. ಬೆಂಗಳೂರಿನ ವಿಜಯನಗರದಿಂದ ಸಕಲೇಶಪುರಕ್ಕೆ ಹೋಗಿ ಕೆಸರಲ್ಲಿ ಹೊರಳಾಡಿ ಬರುವವನಿಗೆ ಅಷ್ಟು ಧಾರಾಳ. ದಾರಿಯುದ್ದಕ್ಕೂ ಬಂಕ್‌ಗಳಿವೆ. ಹೋದ ವರ್ಷ ಭಾವಮೈದುನನ ಜೊತೆ ಲೇಹ್‌ಗೆ ಹೊರಟಾಗಲೇ ಲೆಕ್ಕ ಹಾಕಿದ್ದು. ಮನಾಲಿ ದಾಟಿದ ಮೇಲೆ ತಾಂಡಿ ಅಂತ ಒಂದು ಊರಿದೆ. ಅಲ್ಲಿನ ಬಂಕ್‌ನ ಬೋರ್ಡ್ ಹೆಸರುವಾಸಿ: ಮುಂದಿನ ಬಂಕ್ 365 ಕಿ.ಮೀ. ನನ್ನ ಗಾಡಿ ಹೈವೇಲಿ ಲೀಟರಿಗೆ ಹತ್ತು ಕೊಟ್ಟರೆ ದೊಡ್ಡದು. ಘಾಟಿ ಹತ್ತುವಾಗ ಎಂಟು. ಎಂಟು ನಾಲ್ಕಲಿ ಮೂವತ್ತೆರಡು, ಅಂದರೆ 320. ಮಿಕ್ಕ 45 ಕಿಲೋಮೀಟರ್ ತಳ್ಳಬೇಕು.

ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದೆ. ಒಬ್ಬ ಮೆಕ್ಯಾನಿಕ್, "ಸಾರ್, ಕೆಳಗೆ ಇನ್ನೊಂದು ಟ್ಯಾಂಕ್ ಕೂರಿಸಿಬಿಡ್ತೀನಿ. ನಲ್ಲಿ ತಿರುಗಿಸಿದ್ರೆ ಸಾಕು" ಅಂದ. ಕೇಳೋಕೆ ಚೆನ್ನಾಗಿತ್ತು. ಆದರೆ ಕಂಪನಿ ಕೊಟ್ಟಿದ್ದನ್ನು ಹೀಗೆ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರ ಮುಂದೆ ಏನು ಹೇಳೋದು? ಬೇಡ ಅಂದೆ. ಇನ್ನೊಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಕ್ಯಾನ್ ತೋರಿಸಿದರು. ಅದೂ ಬೇಡ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಒಯ್ಯಬಹುದು. ಆದರೆ ಭದ್ರವಾಗಿ ಮುಚ್ಚಿದ ಲೋಹದ ಪಾತ್ರೆ ಬೇಕು, ಒಂದೊಂದೂ 25 ಲೀಟರ್ ಮೀರಬಾರದು. ಅಂದರೆ 20ರ ಒಂದು ಕ್ಯಾನ್ ಸರಿ. ಎರಡು ತುಂಬಿಸಿದರೆ ತಪ್ಪು.

ಕೊನೆಗೆ ಕೊಂಡಿದ್ದು ಮಿಲಿಟರಿ ಗಾಡಿಗಳ ಹಿಂದೆ ನೋಡುತ್ತೀವಲ್ಲ, ಅದೇ ಮಾದರಿಯ ಉಕ್ಕಿನ ಜೆರಿ ಕ್ಯಾನ್. 2,400 ರೂಪಾಯಿ. 1930ರ ದಶಕದಲ್ಲಿ ಜರ್ಮನ್ ಸೇನೆಗೆ ಮಾಡಿದ ವಿನ್ಯಾಸ ಇದು. ಜರ್ಮನ್ನರನ್ನು ಬ್ರಿಟಿಷ್ ಸೈನಿಕರು 'ಜೆರಿ' ಅನ್ನುತ್ತಿದ್ದರಂತೆ, ಆ ಹೆಸರೇ ಅಂಟಿಕೊಂಡಿತು. ಮೇಲೆ ಮೂರು ಹಿಡಿ ಇವೆ. ತುಂಬಿದ ಕ್ಯಾನನ್ನು ಇಬ್ಬರು ಆಚೀಚೆ ಹಿಡಿಯಬಹುದು. ಖಾಲಿ ಇದ್ದರೆ ಎರಡನ್ನು ಜೋಡಿಸಿ ಒಂದೇ ಕೈಯಲ್ಲಿ ಎತ್ತಬಹುದು. ಬಾಯಿಯೊಳಗೆ ಗಾಳಿಗೆ ಅಂತಲೇ ಸಣ್ಣ ಕೊಳವೆ ಇದೆ. ಅದಕ್ಕೇ ಸುರಿಯುವಾಗ ಗುಳುಗುಳು ಅನ್ನದೆ ಒಂದೇ ಧಾರೆ ಬರುತ್ತದೆ. ಎರಡೂ ಮಗ್ಗುಲಲ್ಲಿ ಗುಣಾಕಾರ ಚಿಹ್ನೆಯಂತೆ ಒತ್ತಿದ ಗೆರೆ ಇದೆ. ಅದು ಬರೀ ಅಲಂಕಾರಕ್ಕೆ ಅಂದುಕೊಂಡಿದ್ದೆ.

ಒಂದು ಮಾತು. ಟಾರ್ಚ್ ಬಿಟ್ಟು ಒಳಗೆ ನೋಡದೆ ದುಡ್ಡು ಕೊಡಬೇಡಿ. ಅಂಗಡಿಯವರು ಮೊದಲು ಕೊಟ್ಟ ಕ್ಯಾನಿನಲ್ಲಿ ಬೆರಳು ಆಡಿಸಿದರೆ ಕೆಂಪು ತುಕ್ಕಿನ ಹಕ್ಕಳೆ ಬಂತು. "ಸಾರ್, ಇದು ಮಿಲಿಟರಿ ಮಾಲು" ಅಂದರು. ಮಿಲಿಟರಿ ತುಕ್ಕಾದರೂ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ ಅಲ್ವಾ? ಒಳಗೆಲ್ಲ ಬಣ್ಣ ಹಿಡಿದಿದ್ದ ಮೂರನೆಯದನ್ನು ತಂದೆ.

ನನಗೆ ಮೋಸವಾಗಿದ್ದು ಕ್ಯಾನ್ ಕೂರಿಸುವ ಸ್ಟ್ಯಾಂಡ್‌ನಲ್ಲಿ. 20 ಲೀಟರ್ ಪೆಟ್ರೋಲ್ ಸುಮಾರು 15 ಕೆ.ಜಿ., ಕ್ಯಾನ್ ಸೇರಿದರೆ ಹತ್ತಿರ 20. ಹಿಂಬಾಗಿಲಿಗೆ ಹಾಕುವಂತಿಲ್ಲ, ಅದರ ಕೀಲು ಆಗಲೇ ಸ್ಟೆಪ್ನಿ ಹೊತ್ತಿದೆ. ಹಿಂದಿನ ಮೂಲೆಯಲ್ಲಿ, ಸೈಲೆನ್ಸರ್ ಇಲ್ಲದ ಕಡೆ ಸ್ಟ್ಯಾಂಡ್ ಮಾಡಿಸಿದೆ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪ್, 1,600 ರೂಪಾಯಿ. ತೆಳು ತಗಡು ಬಾಗಿಸಿ, ನಾಲ್ಕು ಕಡೆ ಚುಕ್ಕಿ ಇಟ್ಟ ಹಾಗೆ ವೆಲ್ಡಿಂಗ್ ಮಾಡಿ, ಮೇಲೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ನಾಗಪುರ ಬರುವಷ್ಟರಲ್ಲಿ ಎರಡು ಕಡೆ ಬಿಟ್ಟುಕೊಂಡಿತು. ಅದೂ ಕ್ಯಾನ್ ಖಾಲಿ ಇದ್ದಾಗ! ರಸ್ತೆ ಬದಿಯ ವೆಲ್ಡರ್ ಒಬ್ಬ ಕ್ಯಾನನ್ನು ದೂರ ಇಡಿಸಿ, ಆಂಗಲ್ ಕಬ್ಬಿಣದ ತುಂಡು ಕೊಟ್ಟು ಬೆಸೆದ. ಇವತ್ತಿಗೂ ಅಲುಗಿಲ್ಲ.

ಖಾಲಿ ಯಾಕೆ ಅಂದರೆ, ತುಂಬಿಸಿಕೊಂಡು ಊರೊಳಗೆ ಓಡಾಡುವ ಧೈರ್ಯ ನನಗಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಹಿಂದಿನಿಂದ ಯಾವನಾದರೂ ಬಂದು ಗುದ್ದೇ ಗುದ್ದುತ್ತಾನೆ.

ತಾಂಡಿಯಲ್ಲಿ ಕ್ಯಾನನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿದೆವು. ಗಾಡಿ ಮೇಲೆ ಇದ್ದಾಗಲೇ ತುಂಬಿಸಿದರೆ ಸ್ಟ್ಯಾಟಿಕ್ ಕಿಡಿ ಹಾರಬಹುದು. ಹಿಗ್ಗಲು ಜಾಗ ಇರಲಿ ಅಂತ 18 ಲೀಟರಿಗೆ ನಿಲ್ಲಿಸಿದೆ. ಪಾಂಗ್ ದಾಟಿ ಮೋರೆ ಬಯಲಿಗೆ ಬಂದಾಗ ಪೆಟ್ರೋಲ್ ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ಇಳಿದು ನೋಡಿದ ಭಾವಮೈದುನ, "ಭಾವ, ಡಬ್ಬ ಪೂರಿ ಥರ ಉಬ್ಬಿದೆ ನೋಡಿ" ಅಂದ. ನಿಜ. ಆ ಗೆರೆಗಳು ಒಳಗಿದ್ದದ್ದು ಹೊರಕ್ಕೆ ಬಂದಿದ್ದವು. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಮ್ಮಿ, ಒಳಗಿನದು ತಳ್ಳುತ್ತದೆ. ಮುಚ್ಚಳದ ಲಿವರನ್ನು ಒಂದಿಷ್ಟೇ ಎತ್ತಿದೆ. ಸುಸ್ಸ್ ಅಂತ ಅರ್ಧ ನಿಮಿಷ ಉಸಿರು ಬಿಟ್ಟಿತು. ಗೆರೆಗಳು ಟಕ್ ಅಂತ ಒಳಗೆ ಹೋದವು. ಒಂದೇ ಸಲಕ್ಕೆ ತೆಗೆದಿದ್ದರೆ ಮುಖಕ್ಕೆ ಪೆಟ್ರೋಲ್ ಅಭಿಷೇಕ.

ಕ್ಯಾನ್ ಒಂದು ಹನಿ ಸೋರಲಿಲ್ಲ. ಸೋರಿದ್ದು ಜೊತೆಗೆ ಕೊಟ್ಟ ಸುರಿಯುವ ಕೊಳವೆ. ಅದರ ರಬ್ಬರ್ ವಾಷರ್ ಕೂರಲೇ ಇಲ್ಲ. ಅರ್ಧ ಲೀಟರ್ ಆದರೂ ನನ್ನ ಶೂ ಮೇಲೆ ಹೋಗಿದೆ. ಲೇಹ್ ತಲುಪುವವರೆಗೆ ಕಿಟಕಿ ತೆಗೆದೇ ಕೂತಿದ್ದೆವು, ಆ ಚಳಿಯಲ್ಲಿ. ಆದರೂ ಟ್ಯಾಂಕಿನಲ್ಲಿ ಹತ್ತು ಲೀಟರ್ ಉಳಿಸಿಕೊಂಡೇ ತಲುಪಿದೆವು.

ಈಗ ಅದು ಮಹಡಿ ಮೆಟ್ಟಿಲ ಕೆಳಗೆ ಮುಚ್ಚಳ ತೆರೆದುಕೊಂಡು ಕೂತಿದೆ. ಖಾಲಿ ಕ್ಯಾನಿನಲ್ಲಿ ಉಳಿಯುವ ಆವಿಯೇ ಜಾಸ್ತಿ ಅಪಾಯ, ಚೆನ್ನಾಗಿ ಗಾಳಿ ಆಡಬೇಕು. ನಮ್ಮ ರಸ್ತೆಯಲ್ಲಿ ಇಬ್ಬರು ಮಾರುತಿ ಜಿಮ್ನಿ ಗಾಡಿಯವರು ಎರವಲು ಕೇಳಿದ್ದಾರೆ. ಕ್ಯಾನ್ ಬೇಕಾದರೆ ತಗೊಂಡು ಹೋಗಿ, ಕೊಳವೆ ಮಾತ್ರ ನೀವೇ ಬೇರೆ ಕೊಂಡುಕೊಳ್ಳಿ ಅಂದಿದ್ದೇನೆ.