ಕತ್ತರಿ ಚುರುಕು, ಬಿಲ್ಲು ಅದಕ್ಕಿಂತ ಚುರುಕು

ಜಯನಗರದ ಈ ಸಲೂನಿಗೆ ನಾನು ಮೂರು ವರ್ಷಗಳಿಂದ ಹೋಗುತ್ತಿದ್ದು, ಕೆಲಸದ ಬಗ್ಗೆ ತಕರಾರಿಲ್ಲ. ಕಿವಿಯ ಹಿಂದಿನ ಕೂದಲನ್ನು ಯಂತ್ರ ಮುಟ್ಟಿಸದೆ, ಬಾಚಣಿಗೆಯಿಂದ ಎತ್ತಿ ಎತ್ತಿ ಕತ್ತರಿಯಲ್ಲೇ ಸವರುವ ತಾಳ್ಮೆ ಇಲ್ಲಿನ ಹುಡುಗನಿಗಿದೆ. ಆದರೆ ಕಳೆದ ವಾರ ಫೋನಿನಲ್ಲಿ 450 ರೂಪಾಯಿ ಎಂದಿದ್ದ ಕಟಿಂಗ್, ಕೊರಳಿನ ಬಟ್ಟೆ ಬಿಚ್ಚುವಷ್ಟರಲ್ಲಿ 'ಸೀನಿಯರ್ ಸ್ಟೈಲಿಸ್ಟ್' ಹೆಸರಿನಲ್ಲಿ 600 ಆಗಿತ್ತು. ಕೇಳದೆಯೇ ತಲೆ ತೊಳೆದದ್ದಕ್ಕೆ 150 ಬೇರೆ. ತೆರಿಗೆ ಸೇರಿ 787 ರೂಪಾಯಿ 50 ಪೈಸೆ. ಸಲೂನ್ ಸೇವೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಈ ಹೊಸ ದರದಲ್ಲಿ ಹೂಡುವಳಿ ತೆರಿಗೆಯ ಜಮೆ, ಅಂದರೆ ಶಾಂಪೂವಿನಂಥ ಖರೀದಿಗೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಅವಕಾಶ, ಸಿಗದ ಕಾರಣ ಮಾಲೀಕರ ಖರ್ಚು ಕೊಂಚ ಏರಿರಬಹುದೆಂದು ಒಪ್ಪಿದರೂ, ಒಂದೇ ಏಟಿಗೆ 150 ರೂಪಾಯಿ ಏರಿಸಿದ್ದಕ್ಕೆ ಅದು ಸಮಜಾಯಿಷಿಯಾಗಲಾರದು. ದರಪಟ್ಟಿಯೇನೋ ಗೋಡೆಯ ಮೇಲಿದೆ, ಶಾಂಪೂ ಬಾಟಲಿಗಳ ಹಿಂದೆ!

ಟಿಪ್ಸ್ ವಿಷಯದಲ್ಲಿ ನನಗೆ ಪೇಚಾಟವಾಯಿತು. ಕೌಂಟರಿನ ಕ್ಯೂಆರ್ ಕೋಡಿಗೆ ಹಾಕಿದ ಹಣ ಮಾಲೀಕರ ಖಾತೆಗೆ ಹೋಗುವುದರಿಂದ, ದರ ನಿಗದಿಯಲ್ಲಿ ಯಾವ ಪಾತ್ರವೂ ಇಲ್ಲದ ಹುಡುಗನ ಕೈಗೆ ಎಂದಿನಂತೆ 50 ರೂಪಾಯಿ ನಗದನ್ನೇ ಕೊಟ್ಟೆ. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ಲೆಕ್ಕಾಚಾರಕ್ಕೆ ಎರಡು.