ಸ್ಯಾನ್ ಫ್ರಾನ್ಸಿಸ್ಕೋಗೆ ಮೂರು ದಾರಿ, ನನ್ನ ಓಟು ಫ್ರಾಂಕ್‌ಫರ್ಟಿಗೆ

ಮಗಳ ಮನೆಗೆ ಬೆಂಗಳೂರಿನಿಂದ ಮೂರು ಸಲ ಹೋಗಿದ್ದೇವೆ, ಮೂರು ಸಲವೂ ಬೇರೆ ಬೇರೆ ದಾರಿ. ಮೊದಲು ಫ್ರಾಂಕ್‌ಫರ್ಟ್ ಮೇಲೆ, ಆಮೇಲೆ ನೇರವಾಗಿ, ಕಳೆದ ಸಲ ದುಬೈ ಮೇಲೆ. ಆ ಕಳೆದ ಸಲದ ಮಂಡಿನೋವು ಇಳಿಯೋಕೆ ವಾರ ಹಿಡಿಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೇರ ದಾರಿ ಸುಮಾರು 14,000 ಕಿಲೋಮೀಟರ್. ದುಬೈ ಮೇಲೆ ಹೋದರೆ 15,700 ಆಗುತ್ತದೆ, ಫ್ರಾಂಕ್‌ಫರ್ಟ್ ಮೇಲೆ 16,500. ಸುತ್ತು ಕಡಿಮೆ, ಟಿಕೆಟ್ಟೂ ತಲೆಗೆ ಹನ್ನೊಂದು ಸಾವಿರ ಅಗ್ಗ ಅಂತ ದುಬೈ ಹಿಡಿದೆ. ಅಲ್ಲೇ ಎಡವಿದ್ದು.

ಒಟ್ಟು ದೂರ ನೋಡಿದೆನೇ ಹೊರತು ಅದು ಎಲ್ಲಿ ತುಂಡಾಗುತ್ತದೆ ಅಂತ ನೋಡಲಿಲ್ಲ. ದುಬೈಗೆ ಬರೀ 2,700 ಕಿಲೋಮೀಟರ್, ನಾಲ್ಕು ಗಂಟೆ. ಬೆಳಗಿನ ಜಾವ ಹೊರಟೆವು. ಊಟದ ತಟ್ಟೆ ತೆಗೆದುಕೊಂಡು ಹೋಗಿ, ದೀಪ ಆರಿಸಿ, ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಸೀಟು ನೆಟ್ಟಗೆ ಮಾಡಿ ಅಂದರು. ಇಳಿದು, ನಡೆದು, ಅಮೆರಿಕದ ವಿಮಾನ ಅಂತ ಗೇಟಿನಲ್ಲಿ ಮತ್ತೊಂದು ತಪಾಸಣೆ ಮುಗಿಸಿ ಕೂತರೆ, ಮುಂದೆ 13,000 ಕಿಲೋಮೀಟರ್! ಹದಿನಾರು ಗಂಟೆಯ ಹತ್ತಿರ. ಅಂದರೆ ನೇರ ವಿಮಾನಕ್ಕಿಂತ ಬರೀ ಸಾವಿರ ಕಿಲೋಮೀಟರ್ ಕಡಿಮೆ. ನಿದ್ದೆಯೂ ಹೋಯಿತು, ಕಾಲು ಚಾಚುವ ಸುಖವೂ ಸಿಗಲಿಲ್ಲ. ಹತ್ತನೇ ಗಂಟೆಗೆ ಟಾಯ್ಲೆಟ್ ಪಕ್ಕದ ಜಾಗದಲ್ಲಿ ನಿಂತು ಬಸ್ಕಿ ಹೊಡೆಯುತ್ತಿದ್ದೆ. ಏರ್‌ಹೋಸ್ಟೆಸ್ ನಗುತ್ತಾ ಒಂದು ಲೋಟ ನೀರು ಕೊಟ್ಟಳು.

ಫ್ರಾಂಕ್‌ಫರ್ಟ್ ಪ್ರಯಾಣದಲ್ಲಿ ಈ ಗೋಳಿರಲಿಲ್ಲ. ಮೊದಲ ತುಂಡು 7,400, ಹತ್ತು ಗಂಟೆಯ ಆಸುಪಾಸು. ರಾತ್ರಿ ಹೊರಟು ಬೆಳಿಗ್ಗೆ ಇಳಿಯುವುದರಿಂದ ಧಾರವಾಡದ ಬಸ್ಸು ಹತ್ತಿದ ಹಾಗೆ ಒಂದು ನಿದ್ದೆ ಮುಗಿದಿರುತ್ತದೆ. ಮೂರು ಗಂಟೆ ಓಡಾಡಿ, ಮುಖ ತೊಳೆದು, ಕಾಫಿ ಕುಡಿದೆವು. ಕಾಫಿ ಸುಮಾರಾಗಿತ್ತು, ಬೆಲೆ ಮಾತ್ರ ಕೇಳಬೇಡಿ. ಅಲ್ಲಿಂದ ಉಳಿದದ್ದು 9,100, ಹನ್ನೊಂದೂವರೆ ಗಂಟೆ. ಅದೂ ಹಗಲಲ್ಲೇ. ಮನೆ ಬಾಗಿಲಿಂದ ಬಾಗಿಲಿಗೆ ಜಾಸ್ತಿ ಹೊತ್ತು ಆಯಿತು, ನಿಜ. ಆದರೆ ಮಾರನೇ ದಿನ ನಾನು ಮೊಮ್ಮಗನ ಜೊತೆ ಪಾರ್ಕಿನಲ್ಲಿದ್ದೆ.

ನೇರ ವಿಮಾನ ಕೂತಲ್ಲೇ ಗೊರಕೆ ಹೊಡೆಯುವವರಿಗೆ. ಸಾಮಾನು ತಪ್ಪುವ ಭಯವಿಲ್ಲ, ದಾರಿ ಕೇಳುವ ಕಷ್ಟವಿಲ್ಲ. ಒಬ್ಬರೇ ಹೋಗುವ ವಯಸ್ಸಾದವರಿಗಂತೂ ಇದಕ್ಕಿಂತ ಒಳ್ಳೆಯದಿಲ್ಲ. ನಾವು ಹೋದಾಗ ಮೂರರಲ್ಲಿ ಅದೇ ದುಬಾರಿ.

ಪಿಂಚಣಿದಾರ ನಾನು, ಹನ್ನೊಂದು ಸಾವಿರ ಸುಮ್ನೆ ಬಿಡುವವನಲ್ಲ. ಆದರೂ ಮುಂದಿನ ಸಲ ಫ್ರಾಂಕ್‌ಫರ್ಟೇ ಅಂತ ಹೇಳಿದ್ದೇನೆ. ನಮ್ಮ ಮನೆಯವಳಿಗೆ ಒಪ್ಪಿಗೆಯಿಲ್ಲ. "ನಾನು ನೇರವಾಗಿ ಹೋಗ್ತೀನಿ, ನೀವು ನಿಮ್ಮ ಮಂಡಿ ಕರ್ಕೊಂಡು ನಿಧಾನಕ್ಕೆ ಬನ್ನಿ" ಅಂದಿದ್ದಾಳೆ.